ಎಂಟು ವಾರದ ನಡಿಗೆ

ಬಷೀರಾ ಇಪ್ಪತ್ತಾರು ವರ್ಷ ರೇಷ್ಮೆಗೂಡು ಬೇಯಿಸುವ ಒಲೆಯ ಮುಂದೆ ಕೂತು ನೂಲು ತೆಗೆದವಳು. ಒಂದು ಬೀಡಿ ಮುಟ್ಟಿದವಳಲ್ಲ. ಆದರೂ ತಾನು ತೋರಿಸಿಕೊಳ್ಳುವ ಕೋಲಾರದ ಆಸ್ಪತ್ರೆಗೆ ಹೊಸ ಡಾಕ್ಟರು ಬಂದಾಗಲೆಲ್ಲ ಮೊದಲ ಪ್ರಶ್ನೆ ಅದೇ: "ಬೀಡಿ ಸೇದ್ತೀರಾ?"

"ಹೊಗೆ ಕುಡ್ದಿದೀನಿ ಸಾಬ್. ಒಲೆದು," ಎನ್ನುವಾಗ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು.

ಶ್ವಾಸಕೋಶದ ಕಾಯಿಲೆ ಬಲಿತ ಮೇಲೆ ಮನೆಯವರು ಆಕೆಯನ್ನು ಮಂಚ ಬಿಟ್ಟು ಏಳಲು ಬಿಡಲಿಲ್ಲ. ಬಿಂದಿಗೆ ಮುಟ್ಟಿದರೆ ಸೊಸೆ ಜುವೇರಿಯಾ ಕಿತ್ತುಕೊಳ್ಳುತ್ತಿದ್ದಳು. ಮಲಗಿ ಮಲಗಿ ಕಾಲಿನ ಬಲವೇ ಹೋಯಿತು. ಬಚ್ಚಲಿಗೆ ಹೋಗಿಬರುವುದರೊಳಗೆ ಏದುಸಿರು.

ಆಗ ಆಸ್ಪತ್ರೆಯಲ್ಲಿ ವ್ಯಾಯಾಮದ ಕೋಣೆ ತೆರೆದರು. ಉಸಿರಿನ ರೋಗಿಗಳು ವಾರಕ್ಕೆ ಮೂರು ದಿನದಂತೆ ಎಂಟು ವಾರ ಬರಬೇಕು; ಇದರಿಂದ ಮೈಯೊಳಗಿನ ಉರಿಯೂತ ಇಳಿಯುತ್ತದೆಯೇ ಎಂದು ರಕ್ತ ಪರೀಕ್ಷಿಸಿ ನೋಡುತ್ತಾರೆ. ಬಷೀರಾ ಮೊದಮೊದಲು ಸೊಸೆಯ ಕೈ ಹಿಡಿದು ತನ್ನೂರು ಸುಗಟೂರಿನಿಂದ ಬಸ್ಸು ಹತ್ತಿ ಬಂದಳು. ತುಟಿ ಮುಂದೆ ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನು ಫಿಸಿಯೋ ರಂಜಿತ ಕಲಿಸಿದಳು. ಆಮೇಲೆ ಕಾರಿಡಾರಿನಲ್ಲಿ ಆರು ನಿಮಿಷದ ನಡಿಗೆ. ಮೊದಲ ದಿನ ನೂರ ತೊಂಬತ್ತು ಮೀಟರ್, ಅದೂ ಎರಡು ಸಲ ಗೋಡೆ ಹಿಡಿದು. ಕಲ್ಲು ಕ್ವಾರಿಯಲ್ಲಿ ದೂಳು ಕುಡಿದಿದ್ದ ಅಶ್ವತ್ಥಪ್ಪ ಆಕೆಗಿಂತಲೂ ಹಿಂದಿದ್ದ.

ಎಂಟನೆಯ ವಾರ ಬಷೀರಾ ನಿಲ್ಲದೆ ಇನ್ನೂರ ಎಂಬತ್ತೈದು ಮೀಟರ್ ನಡೆದಳು. ಆ ಸಂಜೆ ಊರಿನಲ್ಲಿ ಬಸ್ಸಿಳಿದು ಒಬ್ಬಳೇ ಮನೆ ಸೇರಿ, ಬಿಂದಿಗೆ ತಾನೇ ಎತ್ತಿದಳು.

ಎಂಟು ವಾರ ಮುಗಿದರೂ ಮುಂದೆಯೂ ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದರಲ್ಲ, ಸೋಮವಾರ ಹೋದಳು. ಕೋಣೆಗೆ ಬೀಗ. ಯಾಕೆಂದು ಕೇಳಲು ಹೋದಾಗ, ಈ ವ್ಯಾಯಾಮದ ಉಸ್ತುವಾರಿಯಿದ್ದ ಡಾಕ್ಟರ್ ಅಮರನಾಥ್ ಫೈಲು ತೆರೆದರು. ಪಕ್ಕದಲ್ಲಿ ರಂಜಿತ ತಲೆ ತಗ್ಗಿಸಿ ನಿಂತಿದ್ದಳು.

"ರಿಪೋರ್ಟ್ ಬಂತು ಬಷೀರಮ್ಮ. ಉರಿಯೂತದ ನಂಬರ್ ಯಾರಿಗೂ ಇಳಿದಿಲ್ಲ. ಉಪಯೋಗ ಇಲ್ಲ ಅಂತ ಆಡಳಿತದೋರು ನಿಲ್ಸಿದ್ದಾರೆ."

"ಯಾರಿಗೆ ಉಪಯೋಗ ಇಲ್ಲ?"

"ಅಂದ್ರೆ, ರಕ್ತದಲ್ಲಿ..."

"ರಕ್ತಾನ ಕೇಳಿದ್ರಿ. ನನ್ನ ಕೇಳಿದ್ರಾ? ಬಚ್ಚಲಿಗೆ ಸೊಸೆ ಕೈ ಹಿಡ್ಕೊಂಡು ಹೋಗ್ತಿದ್ದೋಳು ಸಾಬ್ ನಾನು. ಇವತ್ತು ಒಬ್ಳೇ ಬಂದಿದೀನಿ. ಅದು ನಿಮ್ಮ ಕಾಗ್ದದಲ್ಲಿ ಎಲ್ಲೈತೆ?"

ಡಾಕ್ಟರು ಗಡಿಯಾರ ನೋಡಿದರು. ಬಷೀರಾಳ ಸಿಟ್ಟು ನೆತ್ತಿಗೇರಿತು. ರಂಜಿತಳತ್ತ ತಿರುಗಿದಳು. "ಏನೇ, ನೀನ್ಯಾಕೆ ಬಾಯಿ ಮುಚ್ಕೊಂಡು ನಿಂತಿದೀಯಾ? ಮೀಟರ್ ಬರ್ಕೊಂಡೋಳು ನೀನೇ ಅಲ್ವಾ?"

ರಂಜಿತಳ ಮುಖ ಕೆಂಪಾಯಿತು. "ಇದೆ ಸಾರ್. ಹದಿನಾಲ್ಕು ಜನದಲ್ಲಿ ಹನ್ನೊಂದು ಜನ ಮೊದಲಿಗಿಂತ ಜಾಸ್ತಿ ನಡೆದಿದ್ದಾರೆ. ಕೊನೇ ಪುಟದಲ್ಲಿದೆ. ಮೀಟಿಂಗಲ್ಲಿ ಆ ಪುಟ ಯಾರೂ ತಿರುವಲಿಲ್ಲ. ನಾನೂ ಹೇಳ್ಲಿಲ್ಲ."

ಬಷೀರಾ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಸಿಟ್ಟಿಗೆ ಎದೆ ಬಿಗಿದಿತ್ತು. ಕಲಿತಂತೆಯೇ ಉಸಿರು ಬಿಟ್ಟು ಸುಧಾರಿಸಿಕೊಂಡು ಅಶ್ವತ್ಥಪ್ಪನಿಗೆ ಫೋನು ಹಚ್ಚಿದಳು.

ಬುಧವಾರ ಒಂಬತ್ತು ಮಂದಿ ಬಂದರು. ಆಡಳಿತಾಧಿಕಾರಿಯ ಬಾಗಿಲ ಮುಂದಿನ ಕಾರಿಡಾರಿನಲ್ಲೇ ನಡೆಯತೊಡಗಿದರು, ಆ ಗೋಡೆಯಿಂದ ಈ ಗೋಡೆಗೆ. ಸೆಕ್ಯುರಿಟಿಯವನು ಅಡ್ಡ ಬಂದ. "ಇಲ್ಲಿ ಓಡಾಡಂಗಿಲ್ಲ!"

"ಓಡ್ತಿಲ್ಲ ಕಣಪ್ಪ, ನಡೀತಿದೀವಿ," ಎಂದ ಅಶ್ವತ್ಥಪ್ಪ. "ಓಡೋಕಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ?"

ಅಷ್ಟರಲ್ಲಿ ರಂಜಿತ ಬಂದಳು. ಯಾರನ್ನೂ ನೋಡದೆ ಒಬ್ಬೊಬ್ಬರ ಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸಿ ನೋಡಿ, ಸಮಯ ಹಿಡಿದು ನಿಂತಳು.

ಮೂರು ವಾರ ಹೀಗೇ ನಡೆಯಿತು. ಕೊನೆಗೆ ಅಮರನಾಥ್ ತಾವೇ ಬಂದು ಹೇಳಿದರು: "ವಾರಕ್ಕೆ ಒಂದು ದಿನ, ಸೋಮವಾರ, ಪರ್ಮಿಶನ್ ಕೊಟ್ಟಿದ್ದಾರೆ. ಕೋಣೆ ಇಲ್ಲ, ಕಾರಿಡಾರಲ್ಲೇ. ಕೊನೇ ಪುಟ ಆಡಳಿತದೋರಿಗೆ ನಾನೇ ಓದಿ ಹೇಳ್ದೆ. ಈಗ ಸಂತೋಷ ತಾನೇ?"

"ಮೂರು ದಿನ ಕಿತ್ಕೊಂಡು ಒಂದು ದಿನ ಕೊಟ್ಟು, ಸಂತೋಷನಾ ಅಂತೀರಾ?" ಬಷೀರಾ ದುಪಟ್ಟಾ ತಲೆಗೆಳೆದುಕೊಂಡಳು. "ಸೋಮವಾರ ಬರ್ತೀವಿ. ಬುಧವಾರಾನೂ ಬರ್ತೀವಿ. ತಡೀರಿ ನೋಡೋಣ."

ಹೇಳಿದಂತೆಯೇ ಬುಧವಾರ ಬಂದರು. ಆ ದಿನ ಹನ್ನೊಂದು ಮಂದಿಯಿದ್ದರು.