ಹೊರಕ್ಕೆ ತೆರೆಯುವ ಬಾಗಿಲು

ಆತ ಮೂವತ್ತೈದು ವರ್ಷ ಬಸ್ ಓಡಿಸಿ ನಿವೃತ್ತನಾದವನು. ಎಂಜಿನ್ನಿನ ಸದ್ದಿಗೆ ಎರಡೂ ಕಿವಿ ಮಂದವಾಗಿದ್ದವು. ಎಡಗಿವಿಗೆ ಯಂತ್ರವಿತ್ತು, ಆದರೆ ಬೆಳಿಗ್ಗೆ ಪೇಪರ್ ಓದಿ ಮುಗಿಯುವ ತನಕ ಅದನ್ನು ಹಾಕಿಕೊಳ್ಳುತ್ತಿರಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಮನೆಯಲ್ಲೂ ವಾರ್ಡಿನ ದರ್ಬಾರೇ ನಡೆಸುತ್ತಾಳೆಂದು ಅವಳನ್ನು ‘ಸಿಸ್ಟರಮ್ಮ’ ಎಂದೇ ಕರೆಯುತ್ತಿದ್ದ.

ಎರಡು ವರ್ಷದಿಂದ ಸಿಸ್ಟರಮ್ಮ ಬಚ್ಚಲುಮನೆಯ ವಿಷಯಕ್ಕೆ ಅವನ ತಲೆ ತಿನ್ನುತ್ತಿದ್ದಳು.

“ರೀ, ಆ ಟೈಲ್ಸ್ ಕಾಲಿಟ್ರೆ ಜಾರುತ್ತೆ. ನಲ್ಲಿ ಪಕ್ಕ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಸಿ. ಬಾಗಿಲೂ ಹೊರಗಡೆ ತೆಗೆಯೋ ಹಾಗೆ ಮಾಡಿಸ್ಬೇಕು. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡ ಬಿದ್ರೆ ಹೊರಗಿನವರು ಏನ್ ಮಾಡ್ತಾರೆ?”

“ಬಸ್ಸಿನ ತರ ಕಂಬಿ ಹಾಕಿದ್ರೆ ಸ್ನಾನಕ್ಕೆ ಹೋಗೋಕೂ ಟಿಕೆಟ್ ತಗೋಬೇಕಾಗುತ್ತೆ ಕಣೇ,” ಎಂದು ಅವನು ನಗಿಸಿಬಿಡುತ್ತಿದ್ದ. ನಗುವಿನಲ್ಲಿ ಮಾತು ತೇಲಿಹೋಗುತ್ತಿತ್ತು.

ಒಂದು ಬೆಳಿಗ್ಗೆ ಅವನು ಪೇಪರ್ ಮಡಿಸಿಟ್ಟರೂ ಅವಳು ಬಚ್ಚಲಿನಿಂದ ಬಂದಿರಲಿಲ್ಲ. ಅವಳು ಎಂದೂ ಚಿಲಕ ಹಾಕಿಕೊಳ್ಳುತ್ತಿರಲಿಲ್ಲ. ಯಂತ್ರ ಹಾಕಿಕೊಳ್ಳದೆಯೇ ಎದ್ದುಹೋಗಿ ಬಾಗಿಲು ತಳ್ಳಿದ, ಅಲುಗಲಿಲ್ಲ. ನೀರು ಕುಡಿದು ಉಬ್ಬಿದ ಆ ಬಾಗಿಲು ಆಗಾಗ ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಇವತ್ತೂ ಅದೇ ಹಟ ಎಂದುಕೊಂಡು ಭುಜ ಕೊಟ್ಟು ನೂಕಿದ. ಒಂದು ಸಲ, ಎರಡು ಸಲ. ಮೂರನೆಯ ಸಲ ಮೈಯ ಭಾರವನ್ನೆಲ್ಲ ಹಾಕಿ ನೂಕಿದಾಗ ಕೈ ತೂರುವಷ್ಟು ಸಂದಿಯಾಯಿತು. ಕೆಳಗೆ, ನೆಲದ ಹತ್ತಿರ, ಆ ಸಂದಿಯಿಂದ ಅವಳ ಕೈ ಹೊರಬಂತು. ಬೆರಳು ಅಗಲಿಸಿ ಬೇಡ, ಬೇಡ ಎನ್ನುತ್ತಿತ್ತು.

ಅವನು ಅಲ್ಲೇ ನೆಲಕ್ಕೆ ಕೂತು ಆ ಕೈ ಹಿಡಿದುಕೊಂಡ. ಅಷ್ಟರಲ್ಲಿ ಎದುರುಮನೆಯವರು ಓಡಿಬಂದಿದ್ದರು. ಅವಳ ಕೂಗು ರಸ್ತೆಗೆಲ್ಲ ಕೇಳಿಸಿತ್ತಂತೆ. ಬಾಗಿಲಿನ ಮೇಲರ್ಧ ಕೊಯ್ದು, ಒಬ್ಬರು ಒಳಗಿಳಿದು ಅವಳನ್ನು ಈಚೆ ತಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ ಹುಬ್ಬು ಗಂಟಿಕ್ಕಿದರು. “ಸೊಂಟದ ಮೂಳೆ ಮುರಿದಿದ್ದಷ್ಟೇ ಅಲ್ಲಮ್ಮ, ತುಂಬಾ ಜರುಗಿದೆ. ಬಿದ್ದ ಮೇಲೆ ಮತ್ತೇನಾದ್ರೂ ಪೆಟ್ಟಾಯ್ತಾ?”

“ನಾನೇ ಏಳೋಕೆ ಹೋದೆ ಡಾಕ್ಟ್ರೇ,” ಎಂದಳು ಸಿಸ್ಟರಮ್ಮ. “ಇಷ್ಟು ವರ್ಷ ನರ್ಸಾಗಿದ್ದೂ ಬುದ್ಧಿ ಬರ್ಲಿಲ್ಲ ನೋಡಿ.”

ಅವನು ಪಕ್ಕದಲ್ಲೇ ನಿಂತಿದ್ದ. ಬಾಯಿ ತೆರೆಯಲು ಹೋದಾಗ ಅವಳು ಅವನ ಮಣಿಕಟ್ಟನ್ನು ಗಟ್ಟಿಯಾಗಿ ಅದುಮಿದಳು. ಅವನು ಸುಮ್ಮನಾದ.

ಆಪರೇಷನ್ ಆದ ಮರುದಿನವೇ ಮನೆಗೆ ಬಡಗಿ ಬಂದ, ಗಾರೆಯವನು ಬಂದ. ಹೊಸ್ತಿಲು ಒಡೆದು ನೆಲ ಸಮ ಮಾಡಿ ತರಿತರಿ ಟೈಲ್ಸ್ ಹಾಕಿದರು. ಕೂತು ಸ್ನಾನ ಮಾಡಲು ಸ್ಟೂಲು ಬಂತು. ಹೊಸ ಬಾಗಿಲು ಹೊರಕ್ಕೆ ತೆರೆದುಕೊಂಡಿತು. ಅವನು ದಿನಾ ಮೊಬೈಲಿನಲ್ಲಿ ಫೋಟೋ ತೆಗೆದು ಆಸ್ಪತ್ರೆಗೆ ಒಯ್ಯುತ್ತಿದ್ದ.

“ಕಂಬೀನ ಬರೀ ಟೈಲ್ಸಿಗಲ್ಲ, ಗೋಡೆಗೇ ಕೂರಿಸ್ಬೇಕು. ಜೋತುಬಿದ್ದು ನೋಡಿದ್ರಾ?” ಎಂದು ಅವಳು ಮಲಗಿದಲ್ಲಿಂದಲೇ ಕೇಳಿದಳು.

“ನೋಡ್ದೆ. ಅಲುಗಲ್ಲ.”

“ಹಾಗಾದ್ರೆ ಇನ್ನು ಬೇಗ ಬಂದ್ಬಿಡ್ತೀನಿ.”

ಬರಲಿಲ್ಲ. ಹನ್ನೆರಡನೆಯ ದಿನ ಜ್ವರ ಏರಿತು, ಶ್ವಾಸಕೋಶಕ್ಕೆ ಸೋಂಕು ಎಂದರು. ಹದಿನಾರನೆಯ ದಿನ ಮಧ್ಯಾಹ್ನ ಅವಳು ಕಣ್ಣು ಮುಚ್ಚಿದಳು.

ತಾಯಿಯ ಬಟ್ಟೆಬರೆ ಎತ್ತಿಡಲು ಬಂದಿದ್ದ ಮಗಳು ಒಂದು ದಿನ ಬಚ್ಚಲಿಂದ ಕೈ ಒರೆಸಿಕೊಳ್ಳುತ್ತ ಬಂದು, “ಅಮ್ಮ ಹೇಳಿದಾಗ್ಲೇ ಇದನ್ನ ಮಾಡಿಸಿದ್ರೆ...” ಎನ್ನುತ್ತ ಬಟ್ಟೆ ಮಡಿಸಲು ಕೂತಳು.

“ಅಷ್ಟೇ ಅಲ್ಲ ಮಗಳೇ,” ಎಂದ ಅವನು. ಮೂರು ಸಲ ನೂಕಿದ್ದನ್ನು ಹೇಳಿದ. ಡಾಕ್ಟರ ಮುಂದೆ ಅವಳು ಹೇಳಿದ್ದನ್ನೂ, ತಾನು ಸುಮ್ಮನಿದ್ದದ್ದನ್ನೂ ಹೇಳಿದ.

ಮಗಳು ಮಡಿಸುತ್ತಿದ್ದ ಬಟ್ಟೆ ತೊಡೆಯ ಮೇಲೇ ಉಳಿಯಿತು. “ಅಮ್ಮ ಏನಂತ ಕೂಗ್ತಿದ್ಲು?” ಎಂದು ಕೇಳಿದಳು.

“ನಂಗೆ ಕೇಳಿಸ್ಲೇ ಇಲ್ಲವಲ್ಲ.”

ಅವಳು ಎದ್ದು ಚೀಲ ತೆಗೆದುಕೊಂಡು ಹೊರಟುಹೋದಳು. ಒಂದು ವಾರ ಫೋನಿಲ್ಲ. ಭಾನುವಾರ ಬಂದಾಗ ಅಪ್ಪನ ಕೆದರಿದ ತಲೆ, ಮಾಸಿದ ಅಂಗಿ ನೋಡಿದಳು.

“ಸ್ನಾನ ಮಾಡಿ ಎಷ್ಟು ದಿನ ಆಯ್ತಪ್ಪ?”

“ಅಲ್ಲಿ ಕಾಲಿಡೋಕೆ ಆಗ್ತಿಲ್ಲಮ್ಮ.”

ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನೀರು ಕಾಯಿಸಿ, ಕೈಹಿಡಿದು ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿ, ಬಾಗಿಲು ತೆರೆದಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಬೆನ್ನು ತಿರುಗಿಸಿ ನಿಂತಳು.

ಆಮೇಲೆ ಪ್ರತಿ ಭಾನುವಾರವೂ ಬಂದಳು. ಮೊಮ್ಮಕ್ಕಳ ಸುದ್ದಿ, ಅಂಗಡಿ ಸಾಮಾನು, ಅವನ ಮಾತ್ರೆಗಳು, ಎಲ್ಲದರ ಬಗ್ಗೆಯೂ ಮಾತಾಡಿದರು. ಅಮ್ಮನ ಮಾತು ಮಾತ್ರ ಅವರಿಬ್ಬರ ನಡುವೆ ಮತ್ತೆಂದೂ ಬರಲಿಲ್ಲ.