ಡಿಸೆಂಬರಿನ ಡಬ್ಬಿ

"ಎರಡು ಪುಸ್ತಕ ಒಂದ ಮಾತ ಹೇಳಬೇಕಂತ ಎಲ್ಲಿ ಐತೋ ಸೂರಿ? ಒಂದ ಮನ್ಯಾಗಿನ ಇಬ್ರು ಮಂದಿನ ಒಂದ ಮಾತ ಹೇಳೂದಿಲ್ಲ," ಎನ್ನುತ್ತ ರೇಣುಕಾದೇವಿ ಚಹಾದ ಕಪ್ಪನ್ನು ಗ್ಯಾರೇಜಿನ ಮೇಜಿನ ಮೇಲಿಟ್ಟರು.

ಅವರ ಗಂಡನ ಶೂಟಿಂಗ್ ಕ್ಲಬ್ಬಿನ ಹುಡುಗ ಸೂರ್ಯನಾರಾಯಣ ಚಹಾ ಮುಟ್ಟಲಿಲ್ಲ. ಕರಿ ರಟ್ಟಿನದೊಂದು, ಕೆಂಪು ರಟ್ಟಿನದೊಂದು, ಎರಡು ದಪ್ಪ ಪುಸ್ತಕಗಳನ್ನು ಪಕ್ಕಪಕ್ಕ ತೆರೆದುಕೊಂಡು ಅರ್ಧ ಗಂಟೆಯಿಂದ ಕೂತಿದ್ದ. ವಾರವೆಲ್ಲ ಶಾರ್ಲೆಟ್‌ಗೆ ಕೆಲಸಕ್ಕೆ ಕಾರು ಓಡಿಸಿ, ಕಂಪ್ಯೂಟರ್ ನೋಡಿ ನೋಡಿ ಅವನ ಕಣ್ಣುಗಳು ಕೆಂಡವಾಗಿದ್ದವು. ಅವುಗಳನ್ನೇ ಉಜ್ಜಿಕೊಂಡು ಮತ್ತೆ ಓದಿದ.

"ಆಂಟಿ, ಸ್ವಲ್ಪ ಕೇಳಿ. ಸೇಮ್ ತೋಟಾ, ಸೇಮ್ ಗುಂಡು, ಸೇಮ್ ಮದ್ದು. ಕರಿ ಬುಕ್ಕು ಮದ್ದು ನಲವತ್ತೆರಡು ಗ್ರೇನ್ ತನಕ ಹಾಕ್ಬಹುದು ಅನ್ನತ್ತೆ. ಕೆಂಪು ಬುಕ್ಕು ನಲವತ್ತೂವರೆ ಗ್ರೇನಿಗೇ ಸ್ಟಾಪ್ ಅನ್ನತ್ತೆ. ಅಂಕಲ್ ಡಬ್ಬಿ ಮೇಲೆ ಬರ್ದಿರೋದು ನಲವತ್ತೊಂದು. ಇದರಲ್ಲಿ ಸೇಫು, ಅದರಲ್ಲಿ ಓವರ್ರು."

"ಅರ್ಧ ಗ್ರೇನು! ಅಂದ್ರ ಎಷ್ಟಪಾ ಅದು? ಇರುವಿ ಸೀನಿದ್ರ ಹಾರಿ ಹೋಗೂವಷ್ಟು."

"ಅಷ್ಟೇ ಸಾಕು ಆಂಟಿ, ಬಂದೂಕು ಮುಖಕ್ಕೇ ಸಿಡಿಯಬಹುದು."

"ಹಂಗಾರ ಯಾವ ಪುಸ್ತಕದಾಂವ ಸುಳ್ಳ ಬರದಾನ?"

"ಯಾರೂ ಸುಳ್ಳು ಬರ್ದಿಲ್ಲ. ಅವರವರ ಬಂದೂಕಲ್ಲಿ ಟೆಸ್ಟ್ ಮಾಡಿ ಅವರವರು ಬರೀತಾರೆ. ಅದಕ್ಕೇ ಅಂಕಲ್ ಯಾವ ಬುಕ್ಕು, ಯಾವ ಪೇಜು ಅಂತೆಲ್ಲ ನೀಟಾಗಿ ನೋಟ್ ಮಾಡ್ತಿದ್ರು. ಈ ಮೂರು ಡಬ್ಬಿ ಮೇಲೆ ಮಾತ್ರ ಬರೀ ತಿಂಗಳು, ನಲವತ್ತೊಂದು, ಅಷ್ಟೇ. ಅದೂ ಅಲ್ದೆ ಇನ್ನೊಬ್ರು ತುಂಬಿದ ತೋಟಾ ಯಾರೂ ಹೊಡಿಯಲ್ಲ ಆಂಟಿ. ಸ್ವಂತ ಅಣ್ಣ ತುಂಬಿದ್ರೂ ಹೊಡಿಯಲ್ಲ."

ರೇಣುಕಾದೇವಿಯವರಿಗೆ ಸಿಟ್ಟು ನೆತ್ತಿಗೇರಿತು. ಜನವರಿಯಲ್ಲಿ ಎದೆನೋವಿನಿಂದ ತೀರಿಕೊಂಡ ಗಂಡ ರಾಮಲಿಂಗಪ್ಪ ಗೋಕಾಕದ ನೂಲಿನ ಗಿರಣಿಯಲ್ಲಿ ಕೆಲಸ ಕಲಿತು, ಮಗ್ಗದ ಯಂತ್ರಗಳ ಬೆನ್ನು ಹತ್ತಿ ಕ್ಯಾರೊಲಿನಾಕ್ಕೆ ಬಂದವರು. ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು, ಗುಂಡು ತುಂಬಿ ಹೊಡೆಯುವುದು ನಿವೃತ್ತರಾದ ಮೇಲೆ ಹಿಡಿದ ಹುಚ್ಚು. ಜನ್ಮದಲ್ಲಿ ಒಂದು ಗುಬ್ಬಿಗೂ ಗುರಿಯಿಟ್ಟವರಲ್ಲ, ಮೊಟ್ಟೆ ಬೇಯಿಸಿದ ಪಾತ್ರೆಯನ್ನು ಮೂರು ಸಲ ತೊಳೆಸುವ ಪೈಕಿ. ಕಾಗದಕ್ಕೆ ಗುಂಡು ಹೊಡೆದು, ಆ ತೂತು ಬಿದ್ದ ಕಾಗದವನ್ನು ಮದುವೆ ಫೋಟೋದ ಹಾಗೆ ಮನೆಗೆ ತರುವರು. ಬರುವ ಶನಿವಾರ ಅವರ ಹೆಸರಿನಲ್ಲಿ ಕ್ಲಬ್ಬಿನವರು ಶೂಟಿಂಗ್ ಇಟ್ಟುಕೊಂಡಿದ್ದರು. ಅವತ್ತು ಅವರು ತುಂಬಿಟ್ಟ ಅರವತ್ತು ತೋಟಾಗಳೇ ಹಾರಬೇಕು ಎಂದು ರೇಣುಕಾದೇವಿ ತಾವಿರುವ ಫೋರ್ಟ್ ಮಿಲ್‌ನಿಂದ ಗೋಕಾಕದವರೆಗೆ ಫೋನಿಗೆ ಸಿಕ್ಕವರಿಗೆಲ್ಲ ಸಾರಿದ್ದರು.

"ನಮ್ಮವ್ರು ಕೂದಲ ಸೀಳಿ ಎಂಟ ಭಾಗ ಮಾಡ್ತಿದ್ರು. ಪುಡಿ ಉದುರಿದ್ರ ಅದನ್ನೂ ಅಳದ ಡಬ್ಬ್ಯಾಗ ಇಡ್ತಿದ್ರು. ಅವರ ಕೈ ಮ್ಯಾಲ ನಿನಗ ಅನುಮಾನ. ಕಾಗದಕ್ಕ ಗುಂಡ ಹೊಡಿಯೂ ಶೂರ, ನಿಂಗ್ಯಾಕೋ ಇಷ್ಟ ಅಂಜಿಕಿ?"

"ಅನುಮಾನ ಅಲ್ಲ ಆಂಟಿ."

"ಅನುಮಾನನ ಅದು."

ಅವರನ್ನು ಚುಚ್ಚುತ್ತಿದ್ದದ್ದು ಸೂರಿ ಅಲ್ಲ. ಹೋದ ದಸರೆಗೆ ಎಲಿಕಾಟ್ ಸಿಟಿಯಿಂದ ಬಂದಿದ್ದ ಮಗಳು ಪ್ರತಿಭಾ, ಅಪ್ಪ ಕಾರಿನ ಕೀ ಹಿಡಿದು ಫ್ರಿಜ್ಜಿನ ಮುಂದೆ ನಿಂತದ್ದನ್ನು ನೋಡಿ, "ಅವ್ವಾ, ಅಪ್ಪಗ ಏನೋ ಆಗೇತಿ, ಡಾಕ್ಟರ್‌ಗ ತೋರಿಸೋಣ," ಅಂದಿದ್ದಳು. "ಗ್ಯಾರೇಜಿಗೆ ಹೋಗಿ ನಿಮ್ಮಪ್ಪನ ಕೈ ನೋಡ. ಡಾಕ್ಟರ್ ಬಂದ ಅವರ ಹಂತೇಲಿ ಕಲೀಲಿ," ಎಂದು ತಾಯಿ ಬಾಯಿ ಮುಚ್ಚಿಸಿದ್ದರು. ಮೂರನೆಯ ದಿನ ಮಗಳು ಅಳುತ್ತ ಹೋದಳು. ಅಪ್ಪನ ಮಣ್ಣಿಗೆ ಬಂದಾಗಲೂ ಆ ಮಾತನ್ನು ಆಕೆ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಕೊನೆಯ ತನಕ ಗಂಡ ನೆಟ್ಟಗಿದ್ದರು ಎನ್ನುವುದಕ್ಕೆ ಈಗ ಉಳಿದ ಸಾಕ್ಷಿ ಅಂದರೆ ಈ ಅರವತ್ತು ತೋಟಾಗಳೇ.

"ಒಡದ ನೋಡ ಹಂಗಾರ," ಎಂದರು. "ನಲವತ್ತೊಂದಕ್ಕ ಒಂದ ಕಾಳ ಹೆಚ್ಚುಕಮ್ಮಿ ಬಂದ್ರ ಈ ಕಿವಿ ಕೊಯ್ದ ಕೊಡ್ತೇನಿ."

ಸೂರಿ ಪ್ಲಾಸ್ಟಿಕ್ ಸುತ್ತಿಗೆಯಂಥ ಉಪಕರಣದ ತಲೆಯೊಳಗೆ ಒಂದು ತೋಟಾ ಸಿಕ್ಕಿಸಿ ಮರದ ತುಂಡಿನ ಮೇಲೆ ಎರಡೇಟು ಹಾಕಿದ. ಗುಂಡು ಕಳಚಿತು. ಒಳಗಿನ ಬೂದುಬಣ್ಣದ ಮದ್ದನ್ನು ಪುಟ್ಟ ತಟ್ಟೆಗೆ ಸುರಿದು ತಕ್ಕಡಿಯ ಮೇಲಿಟ್ಟ. ಎರಡನೇ ಇಯತ್ತೆಗೇ ಸಾಲಿ ಬಿಟ್ಟವರಾದರೂ ಅಂಕಿ ಓದುವುದನ್ನು ರೇಣುಕಾದೇವಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಲವತ್ತೊಂದು. ಆಗಸ್ಟ್ ಅಂತ ಬರೆದ ಡಬ್ಬಿಯಿಂದ ಇನ್ನೂ ಮೂರು ಒಡೆದ. ನಲವತ್ತೊಂದು, ನಲವತ್ತೊಂದು, ನಲವತ್ತೊಂದು.

"ಕಿವಿ ಉಳೀತ ನೋಡ! ನಿನ್ನ ಎರಡೂ ಪುಸ್ತಕ ತಂದ ನಮ್ಮವ್ರ ಕಾಲಿಗೆ ಬೀಳಸ."

ಸೂರಿಯೂ ನಕ್ಕ. "ಕರಿ ಬುಕ್ಕೇ ಫಾಲೋ ಮಾಡಿದ್ದಾರೆ. ಇದು ಓಕೆ ಅನ್ಸತ್ತೆ ಆಂಟಿ."

ಅಕ್ಟೋಬರಿನ ಡಬ್ಬಿ ತೆರೆದ. ಮೊದಲನೆಯದು ನಲವತ್ತೊಂದು. ಎರಡನೆಯದು ಅದಕ್ಕಿಂತ ತುಸು ಕಡಿಮೆ. ಮೂರನೆಯದು ತುಸು ಹೆಚ್ಚು. "ತಕ್ಕಡಿ ಬ್ಯಾಟರಿ ಹೋಗಿರ್ಬೇಕು," ಎಂದು ಹೊಸದು ಹಾಕಿದ. ಅಂಕಿ ಬದಲಾಗಲಿಲ್ಲ. ರೇಣುಕಾದೇವಿ ಆರಿದ ಚಹಾವನ್ನು ತಾವೇ ಎತ್ತಿ ಒಂದು ಗುಟುಕು ಕುಡಿದರು.

ಡಿಸೆಂಬರಿನ ಡಬ್ಬಿಯ ಮೊದಲ ತೋಟಾದಲ್ಲಿ ಮೂವತ್ತೆಂಟು. ಎರಡನೆಯದರಲ್ಲಿ ನಲವತ್ತಮೂರೂವರೆ, ಕರಿ ಪುಸ್ತಕವನ್ನೂ ದಾಟಿತ್ತು. ಸೂರಿ ಎರಡೂ ಪುಸ್ತಕಗಳನ್ನು ಮುಚ್ಚಿ ಬದಿಗೆ ಸರಿಸಿದ. ಮೂರನೆಯದನ್ನು ಬಡಿದು, ತಟ್ಟೆಗೆ ಬಗ್ಗಿಸಿ, ತಟ್ಟೆಯನ್ನು ಅಂಗೈಯಿಂದ ಮರೆಮಾಡಿ ಹೇಳಿದ:

"ನಲವತ್ತೊಂದು, ಆಂಟಿ."

"ಕೈ ತಗಿ."

"ನಲವತ್ತೊಂದೇ ಆಂಟಿ. ಸಾಕು ಬಿಡಿ, ಇವತ್ತಿಗೆ."

"ತಟ್ಟ್ಯಾಗ ಏನೂ ಬಿದ್ದ ಸಪ್ಪಳನ ಆಗಲಿಲ್ಲಲ್ಲೋ. ನಲವತ್ತೊಂದು ಎಲ್ಲಿಂದ ಬಂತು? ಸುಳ್ಳ ಹೇಳೂದೂ ಬರೂದಿಲ್ಲ ನಿನಗ. ಹೆಂಡತಿ ಜೋಡಿ ಹೆಂಗ ಬಾಳೇವ ಮಾಡ್ತೀಯೋ."

ಅವನು ಕೈ ತೆಗೆದ. ತಟ್ಟೆ ಖಾಲಿ ಇತ್ತು. ರಾಮಲಿಂಗಪ್ಪನವರು ಮದ್ದು ಹಾಕುವುದನ್ನೇ ಮರೆತು ಗುಂಡು ಕೂರಿಸಿ, ಉಳಿದವುಗಳ ಸಾಲಿನಲ್ಲಿ ಚೊಕ್ಕಟವಾಗಿ ಇಟ್ಟುಬಿಟ್ಟಿದ್ದರು.

ರೇಣುಕಾದೇವಿ ಗಂಡನ ಸ್ಟೂಲು ಎಳೆದುಕೊಂಡು ಕೂತರು. ಹೊರಗೆ ಯಾರದೋ ಕಾರು ನಿಧಾನವಾಗಿ ತಿರುಗಿ ಹೋಯಿತು.

"ಕಡೀ ಆರ ತಿಂಗಳ ಅವರ ಅಂಗಿ ಗುಂಡಿ ನಾನ ಹಾಕ್ತಿದ್ದೆ ಸೂರಿ," ಎಂದರು. "ತಾವ ಹಾಕ್ಕೋತ ಮ್ಯಾಲಿಂದ ಕೆಳಗ ಬಂದ್ರ ಕಡೀಕೊಂದು ಉಳೀತಿತ್ತು, ಅವರಿಗೆ ಹೊಳೀತಿರಲಿಲ್ಲ. ಚಷ್ಮಾ ಬದಲ ಮಾಡಸೂದ ಐತಿ ಅಂತಿದ್ರು. ಹೌದ್ರಿ, ಚಷ್ಮಾನ ಅಂತಿದ್ದೆ ನಾನೂ. ಆ ಹುಡುಗಿ ಒಂದ ದಿನದಾಗ ಕಂಡಹಿಡದ್ಲು."

"ನಂಗೂ ಕ್ಲಬ್ಬಲ್ಲಿ ಡೌಟ್ ಬಂದಿತ್ತು ಆಂಟಿ. ಕೇಳೋಕೆ ಆಗ್ಲಿಲ್ಲ. ದೊಡ್ಡೋರು."

"ಛಲೋ ಮಾಡಿದಿ. ಎಲ್ಲಾರೂ ಛಲೋನ ಮಾಡಿದ್ವಿ."

ರೇಣುಕಾದೇವಿ ಕೈ ಚಾಚಿದರು. "ತಾ ಇಲ್ಲಿ ಆ ಸುತ್ತಿಗಿ. ಹೆಂಗ ಸಿಗಸೂದು ಹೇಳ."

"ಎಲ್ಲಾನೂ ಒಡಿಬೇಕಾ? ಆಗಸ್ಟ್‌ದು ಇಟ್ಕೋಬಹುದು..."

"ಯಾವುದೂ ಬ್ಯಾಡ. ಶನಿವಾರ ನಿನ್ನ ತೋಟಾ ತಂದ ಹೊಡಿ."

ಉಳಿದ ಐವತ್ತು ತೋಟಾಗಳನ್ನು ಒಂದೊಂದಾಗಿ ಅವರೇ ಬಡಿದರು. ಮೂವತ್ತರ ಹೊತ್ತಿಗೆ ರಟ್ಟೆ ಬಿದ್ದುಹೋಯಿತು. ಸೂರಿ ಕೇಳಿದರೂ ಕೊಡಲಿಲ್ಲ. ತೂಗಲಿಲ್ಲ, ನೋಡಲಿಲ್ಲ. ಗುಂಡು ಒಂದು ಕಡೆ, ಹಿತ್ತಾಳೆ ಒಂದು ಕಡೆ, ಮದ್ದೆಲ್ಲ ಒಂದು ಸ್ಟೀಲಿನ ಬೋಗುಣಿಗೆ. ಹಳೆಯ ಮದ್ದನ್ನು ಹುಲ್ಲಿನ ಮೇಲೆ ತೆಳ್ಳಗೆ ಹರಡಿದರೆ ಗೊಬ್ಬರದ ಹಾಗೆ ಆಗುತ್ತದೆ, ಗುಡ್ಡೆ ಮಾತ್ರ ಹಾಕಬಾರದು ಎಂದು ಹೇಳಿ, ಪುಸ್ತಕಗಳನ್ನು ಕಪಾಟಿಗೆ ಸೇರಿಸಿ ಸೂರಿ ಹೊರಟ.

ರೇಣುಕಾದೇವಿ ಬೋಗುಣಿ ಎತ್ತಿಕೊಂಡು ಮನೆಯ ಮುಂದಿನ ಹುಲ್ಲಿಗೆ ಇಳಿದರು. ಫೋನಿನಲ್ಲಿ ಪ್ರತಿಭಾಳ ಫೋಟೋ ಒತ್ತಿ, ಸ್ಪೀಕರ್ ಹಾಕಿ, ಸೆರಗಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡರು. ರಿಂಗಾಗುತ್ತಿರುವಷ್ಟು ಹೊತ್ತು ಬಗ್ಗಿ, ಮೂರು ಬೆರಳಿನಲ್ಲಿ ಹಿಡಿದು ಉದುರಿಸುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದರು.

"ಅವ್ವಾ? ಏನಾತು, ಈ ಹೊತ್ತಿನ್ಯಾಗ?"

ಅವರ ಬೆರಳುಗಳು ನಿಂತವು. ಹುಲ್ಲಿನ ಮೇಲೆ ಒಂದು ಕಡೆ ಮದ್ದು ಹೆಚ್ಚು ಬಿದ್ದಿತ್ತು. ಬರಿಗಾಲಿನಿಂದ ಅದನ್ನು ಮೆಲ್ಲಗೆ ಹರಡಿದರು.

"ಕೂತಿಯೇನವಾ?" ಎಂದರು. "ಕೂಡ ಒಂದೀಟ."