ನನ್ನ ಸಮಕ್ಷಮ

ಫೋನಿನ ಬೆನ್ನ ಮೂಲೆಯಲ್ಲಿ ಕೆಂಪು ದೀಪದ ಚುಕ್ಕಿ, ಸಾಸಿವೆ ಕಾಳಿನಷ್ಟು, ಮಿಟುಕುತ್ತಿದೆ, ಅದರ ಹಿಂದೆ ಪೇದೆಯ ಮುಖ, ತೋಳಿನ ಗುಂಡಿ ಆಗಲೇ ಸಡಿಲ, ಹೋದ ತಿಂಗಳು ನಾನೇ ಹಾಕಿದ್ದು — ಹೇಳಯ್ಯ ದರ್ಜಿ, ಏನು ನೋಡ್ದೆ, ಅಂತ ಸಬ್ ಇನ್ಸ್‌ಪೆಕ್ಟರು, ಏನು ನೋಡಿದೆ, ಹತ್ತೊಂಬತ್ತು ವರ್ಷದಿಂದ ಏನೂ ನೋಡಿಲ್ಲ, ಸಹಿ ಹಾಕಿದ್ದೀನಿ ಅಷ್ಟೆ, ಠಾಣೆಯ ಎದುರಿಗೇ ಅಂಗಡಿ ಇಟ್ಟವನ ಹಣೆಬರಹ, ಏ ದರ್ಜಿ, ಒಂದು ನಿಮಿಷ ಬಾ, ಮಹಜರಿಗೆ ಸಾಕ್ಷಿ ಬೇಕು, ಕತ್ತರಿ ಕೆಳಗಿಟ್ಟು ಹೋಗುವುದು, ಅವರು ಬರೆದಿಟ್ಟ ಹಾಳೆ, ಬೆರಳಿಟ್ಟು ತೋರಿಸಿದ ಕಡೆ ನನ್ನ ಹೆಸರು, ಮೇಲೆಲ್ಲೋ ನನ್ನ ಸಮಕ್ಷಮ ಅಂತ ಇರುತ್ತದೆ, ಯಾವ ಚಾಕು, ಯಾರ ಮನೆ, ಕೇಳಿದವನೇ ಅಲ್ಲ — ನಿಮ್ಮ ಸಹಿ ಕತ್ತರಿಗಿಂತ ಹರಿತ ಕಣ್ರೀ ಅನ್ನುತ್ತಾಳೆ ಹೆಂಡತಿ, ನಕ್ಕು ಅಂದಳೋ ಬೈದಳೋ. ಈಗ ಹೊಸ ಕಾಯ್ದೆಯಂತೆ, ಮನೆ ಶೋಧಿಸುವುದೆಲ್ಲ ವಿಡಿಯೊ ಆಗಬೇಕಂತೆ, ನೋಡಿದ್ದನ್ನು ಬಾಯಿಬಿಟ್ಟು ಹೇಳು ಅನ್ನುತ್ತಾರೆ, ಕೈಯಾದರೆ ಸಲೀಸಾಗಿ ಗೀಚುತ್ತಿತ್ತು, ನಾಲಗೆಗೆ ಆ ಅಭ್ಯಾಸವಿಲ್ಲ.

ಕಾಲ ಬುಡದಲ್ಲಿ ತಾಮ್ರದ ತಂತಿಯ ಸುರುಳಿ, ಗಿರಣಿಯಿಂದ ಕಳುವಾದದ್ದು ಇದೇ ಅನ್ನುತ್ತಾರೆ, ನಮ್ಮನೆಗೆ ಹಾಲು ಕೊಡುವ ಹಾಲಿನಕ್ಕನ ಕೊಟ್ಟಿಗೆಯಲ್ಲಿ ಹುಲ್ಲಿನಡಿ ಸಿಕ್ಕಿತು ಅನ್ನುತ್ತಾರೆ, ಸಿಕ್ಕಾಗ ನಾನೆಲ್ಲಿದ್ದೆ, ಹೊರಗೆ, ಬಾವಿಕಟ್ಟೆ ಹತ್ತಿರ, ಇಲ್ಲೇ ನಿಂತಿರು ಅಂದರು, ನಿಂತೆ, ಅವರಿಬ್ಬರೇ ಒಳಗೆ ಹೋದರು, ಕೈಯಲ್ಲಿ ಚೀಲ — ಚೀಲ ಇತ್ತೇ? ಇತ್ತು, ಗೋಣಿಚೀಲ, ಬಾಯಿ ಮಡಚಿ ಹಿಡಿದದ್ದು, ನೇಯ್ದದ್ದು ದರ್ಜಿಯ ಕಣ್ಣು ತಪ್ಪಿಸುತ್ತದೆಯೇ — ಆಮೇಲೆ ಸಿಕ್ತು ಸಿಕ್ತು ಅಂತ ಕೂಗು, ಆಮೇಲೆ ಪೇದೆ ಹಣೆ ಚಚ್ಚಿಕೊಂಡ, ಸಾರ್, ಫೋನ್ ಆನ್ ಮಾಡೋದೇ ಮರೆತೆ, ಥೂ ನಿನ್ನ, ತಿರುಗಿ ಹುಲ್ಲೊಳಗಿಡು, ಮೊದಲಿಂದ ಮಾಡೋಣ, ದರ್ಜೀನೂ ಕರಿ. ಎರಡನೇ ಸಲ ತೆಗೆದದ್ದನ್ನು ನೋಡಿದೆ, ಸುಳ್ಳೇನಲ್ಲ, ಅರ್ಧ ಸುಳ್ಳು, ಹೊಲಿಗೆ ಬಿಚ್ಚಿ ಅದೇ ಜಾಗದಲ್ಲಿ ಮತ್ತೆ ಹಾಕಿದರೂ ಹಳೆಯ ಸೂಜಿಯ ತೂತು ಉಳಿದೇ ಉಳಿಯುತ್ತದೆ, ಹಾಲಿನಕ್ಕ ಬಾಗಿಲಲ್ಲಿ, ಸೆಗಣಿ ಮೆತ್ತಿದ ಕೈ ತೊಳೆಯದೆ, ಅಣ್ಣಾ, ನೀನಾದ್ರೂ ಹೇಳಪ್ಪ, ಅವನು ಮೋಟಾರು ರಿಪೇರಿ ಮಾಡೋನು, ಕಳ್ಳ ಅಲ್ಲ, ಅವಳ ಮಗ ಆಗಲೇ ಜೀಪಿನಲ್ಲಿ ತಲೆ ಬಗ್ಗಿಸಿ ಕೂತಿದ್ದಾನೆ, ಅವನ ಮೊದಲ ಪ್ಯಾಂಟಿಗೆ ಅಳತೆ ತೆಗೆದವನು ನಾನು, ನಿಲ್ಲೋ ನೆಟ್ಟಗೆ ಅಂದರೆ ಕಚಗುಳಿ ಅಂತ ಕುಣಿಯುತ್ತಿದ್ದ, ನಾನು ಹ್ಞೂಂ ಅಂದರೆ ಅವನು ಒಳಗೆ, ಅನ್ನದಿದ್ದರೆ ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಬೇಕಲ್ಲ, ಇವರ ಕಣ್ಣೆದುರಿಗೇ — ಹೇಳಿ ಯಜಮಾನರೇ, ನಿಮ್ಮ ಸಮಕ್ಷಮ ತಾನೆ ಸಿಕ್ಕಿದ್ದು, ಸಬ್ ಇನ್ಸ್‌ಪೆಕ್ಟರು ನಗುತ್ತಾರೆ, ಫೋನಿಗೋಸ್ಕರದ ನಗು, ಯಜಮಾನರಂತೆ, ಹತ್ತೊಂಬತ್ತು ವರ್ಷಕ್ಕೆ ಇವತ್ತು ಬಹುವಚನ — ನಾನು ಹೊರಗಿದ್ದೆ ಸ್ವಾಮಿ, ಯಾರಂದದ್ದು, ನನ್ನದೇ ದನಿ, ಮೊದಲ ಸಲ ಸಿಕ್ಕಾಗ ಹೊರಗಿದ್ದೆ, ಚೀಲ ನೀವೇ ಒಳಗೆ ತಗೊಂಡು ಹೋದ್ರಿ — ನಿಲ್ಲಿಸೋ, ನಿಲ್ಲಿಸೋ ಅದನ್ನ — ನಡುವೆ ನಿಲ್ಲಿಸೋ ಹಾಗಿಲ್ಲ ಸಾರ್, ಈಗ ನೀವಂದದ್ದೂ ಇದರಲ್ಲಿ ಬಿತ್ತು, ಅಂತ ಪೇದೆ ಫೋನನ್ನು ಓರೆಯಾಗಿಸುತ್ತಾನೆ — ಅವನ ಹೆಬ್ಬೆರಳು, ಗಾಜಿನಿಂದ ಕೂದಲೆಳೆಯಷ್ಟು ಮೇಲೆ, ಇಳಿಯದೆ, ಉಗುರಿನ ಸುತ್ತ ತಾಮ್ರದ ಕಿಲುಬು, ಹೆಬ್ಬೆರಳು, ಇಳಿಯದೆ, ಹೆಬ್ಬೆರಳು